ವಿಂಡೋಸ್ ಉಳಿಸಿಕೊಂಡೇ ಲಿನಕ್ಸ್ ಮಿಂಟ್ ಹಾಕಿಕೊಳ್ಳುವುದು ಹೇಗೆ?

"ಕಂಪ್ಯೂಟರು ಚೆನ್ನಾಗೇ ಓಡ್ತಿದೆ, ವಿಂಡೋಸ್ 11 ಮಾತ್ರ ಇದಕ್ಕೆ ಆಗಲ್ಲ ಅಂತ ಬರ್ತಿದೆ. ಈಗೇನು ಮಾಡೋದು?" ಓದುಗರು ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಇದು. ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಪ್ರೊಸೆಸರ್ ಇಂಟೆಲ್ ಆಗಿದ್ದರೆ ಸುಮಾರಾಗಿ 8ನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಇವಿಲ್ಲದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಯಂತ್ರಗಳಿಗೆ, ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮಿಂಟ್ ಒಳ್ಳೆಯ ದಾರಿ. ಈಗಿರುವ ವಿಂಡೋಸನ್ನು ಅಳಿಸದೆ, ಅದರ ಪಕ್ಕದಲ್ಲೇ ಮಿಂಟ್ ಹಾಕಿಕೊಂಡು, ಕಂಪ್ಯೂಟರ್ ಆನ್ ಮಾಡಿದಾಗ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಹುದು. ಇದಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ.

ಇನ್‌ಸ್ಟಾಲ್ ಆಗುವ ಹೊತ್ತು ಬಹಳ ಕಡಿಮೆ, ಎಸ್‌ಎಸ್‌ಡಿ ಇದ್ದರೆ ಅರ್ಧ ಗಂಟೆಯೂ ಬೇಡ. ಎಡವಟ್ಟಾಗುವುದು ಅದಕ್ಕೆ ಮೊದಲಿನ ತಯಾರಿಯನ್ನು ಬಿಟ್ಟವರಿಗೆ. ಹಾಗಾಗಿ ಇಲ್ಲಿ ಅರ್ಧದಷ್ಟು ಹಂತಗಳು ವಿಂಡೋಸ್ ಒಳಗೇ ನಡೆಯುತ್ತವೆ. ಹಾರಿಸಬೇಡಿ.

ಬೇಕಾದದ್ದು ಇಷ್ಟು: 8 ಜಿಬಿ ಅಥವಾ ಹೆಚ್ಚಿನ ಒಂದು ಪೆನ್ ಡ್ರೈವ್ (ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ), ಬ್ಯಾಕಪ್‌ಗೆ ಬೇರೊಂದು ಹೊರಗಿನ ಡಿಸ್ಕ್, ಇಂಟರ್ನೆಟ್, ಒಂದು ಹಾಳೆ, ಪೆನ್ನು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಇರಲಿ. ಕೈಯಲ್ಲಿ ಫೋನ್ ಇರಲಿ, ಕಂಪ್ಯೂಟರ್ ಬಂದ್ ಆಗಿರುವಾಗ ಈ ಪುಟ ನೋಡಲು.

1. ನಿಮ್ಮ ಯಂತ್ರದಲ್ಲಿ ಏನಿದೆ ನೋಡಿಕೊಳ್ಳಿ

ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಮ್ ಇನ್ಫರ್ಮೇಶನ್' ಹುಡುಕಿ ತೆರೆಯಿರಿ. ಅಲ್ಲಿ 'ಬಯೋಸ್ ಮೋಡ್' ಎಂಬ ಸಾಲಿನ ಎದುರು ಯುಇಎಫ್ಐ ಅಥವಾ ಲೆಗಸಿ ಎಂದಿರುತ್ತದೆ. ಕಂಪ್ಯೂಟರ್ ಎದ್ದು ಆಪರೇಟಿಂಗ್ ಸಿಸ್ಟಮ್‌ಗೆ ಕೈದಾಟಿಸುವ ಪದ್ಧತಿ ಹೊಸದೋ ಹಳೆಯದೋ ಎಂಬುದನ್ನು ಇದು ಹೇಳುತ್ತದೆ. ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ವಿಂಡೋಸ್ ಯಾವ ಪದ್ಧತಿಯಲ್ಲಿದೆಯೋ ಮಿಂಟ್ ಕೂಡ ಅದೇ ಪದ್ಧತಿಯಲ್ಲಿ ಇನ್‌ಸ್ಟಾಲ್ ಆಗಬೇಕು. ಒಂದು ಹೊಸದು ಒಂದು ಹಳೆಯದು ಆದರೆ ಎರಡೂ ಒಂದೇ ಮೆನುವಿನಲ್ಲಿ ಕಾಣುವುದಿಲ್ಲ.

ಮಿಂಟ್‌ಗೆ ಕನಿಷ್ಠ 2 ಜಿಬಿ ರ್‍ಯಾಮ್ ಸಾಕೆಂದು ಅದನ್ನು ರೂಪಿಸಿದವರು ಹೇಳುತ್ತಾರೆ, ಆದರೆ ಆರಾಮವಾಗಿ ಕೆಲಸ ಮಾಡಲು 4 ಜಿಬಿ ಬೇಕು. ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ತೆರೆದಿಡುವ ಅಭ್ಯಾಸವಿದ್ದರೆ 8 ಜಿಬಿ. ಒಳಗಿರುವುದು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ, ಅದನ್ನು ಎಸ್‌ಎಸ್‌ಡಿಗೆ ಬದಲಾಯಿಸುವುದರಿಂದ ಸಿಗುವಷ್ಟು ವೇಗ ಯಾವ ಆಪರೇಟಿಂಗ್ ಸಿಸ್ಟಮ್ ಬದಲಿಸಿದರೂ ಸಿಗುವುದಿಲ್ಲ. ಹೊಸ ಡಿಸ್ಕ್ ಹಾಕುವ ಯೋಚನೆ ಇದ್ದರೆ ಈ ಕೆಲಸಕ್ಕೆ ಮೊದಲೇ ಹಾಕಿಕೊಳ್ಳಿ.

2. ಬ್ಯಾಕಪ್

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋಗಳು, ಡೌನ್‌ಲೋಡ್ಸ್ ಫೋಲ್ಡರ್, ಬ್ರೌಸರ್‌ನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳು, ಇವೆಲ್ಲ ಹೊರಗಿನ ಡಿಸ್ಕಿಗೆ ಹೋಗಲಿ. ಡಿ ಡ್ರೈವ್‌ಗೆ ನಕಲು ಮಾಡಿದರೆ ಅದು ಬ್ಯಾಕಪ್ ಅಲ್ಲ; ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಪಾಲು. ನಕಲಾದ ಮೇಲೆ ನಾಲ್ಕೈದು ಫೈಲುಗಳನ್ನು ಹೊರಗಿನ ಡಿಸ್ಕಿನಿಂದಲೇ ತೆರೆದು ನೋಡಿ.

ಹಳೆಯ ಕನ್ನಡ ಕಡತಗಳಿದ್ದವರಿಗೆ ಒಂದು ಮಾತು. ನುಡಿ ಅಥವಾ ಬರಹದಲ್ಲಿ ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದವು ಮಿಂಟ್‌ನಲ್ಲಿ ಆ ಫಾಂಟ್ ಇಲ್ಲದೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಕಡತ ಹಾಳಾಗಿರುವುದಿಲ್ಲ. ಆದರೂ ವಿಂಡೋಸ್ ಕೈಯಲ್ಲಿರುವಾಗಲೇ ಅವನ್ನು ಯುನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳುವುದು ಜಾಣತನ.

3. ಎನ್‌ಕ್ರಿಪ್ಶನ್ ಮತ್ತು ಫಾಸ್ಟ್ ಸ್ಟಾರ್ಟಪ್

ಬಹಳ ಜನ ಸಿಕ್ಕಿಬೀಳುವ ಜಾಗ ಇದು.

ಬಿಟ್‌ಲಾಕರ್ ಎಂದರೆ ಡಿಸ್ಕನ್ನು ಬೀಗ ಹಾಕಿದಂತೆ ಗೂಢಲಿಪಿಯಲ್ಲಿ ಇಡುವ ವ್ಯವಸ್ಥೆ. ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಇದೇ 'ಡಿವೈಸ್ ಎನ್‌ಕ್ರಿಪ್ಶನ್' ಎಂಬ ಹೆಸರಲ್ಲಿ ಇರುತ್ತದೆ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ತಿಳಿಯದಂತೆಯೇ ಆನ್ ಆಗಿರುತ್ತದೆ. ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯಬಹುದಾದ, ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳ ಪರದೆ) ಬೂಟ್‌ಗೆ, ಅಂದರೆ ಯಂತ್ರ ಏಳುವ ಕ್ರಮಕ್ಕೆ ಸಂಬಂಧಿಸಿದ ಏನನ್ನಾದರೂ ಬದಲಾಯಿಸಿದರೆ ವಿಂಡೋಸ್ ಅನುಮಾನಪಟ್ಟು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ನಿಮ್ಮ ಫೈಲುಗಳು ನಿಮಗೇ ಸಿಗುವುದಿಲ್ಲ. ಆದ್ದರಿಂದ ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀಯನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಶನ್ ಆಫ್ ಮಾಡಿ. ದೊಡ್ಡ ಡಿಸ್ಕ್ ಆದರೆ ಬೀಗ ತೆಗೆಯುವ ಕೆಲಸಕ್ಕೆ ಗಂಟೆಗಟ್ಟಲೆ ಬೇಕಾಗಬಹುದು, ಪೂರ್ತಿ ಮುಗಿಯುವವರೆಗೆ ಕಾಯಿರಿ.

ಇನ್ನೊಂದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ನೀವು 'ಶಟ್ ಡೌನ್' ಒತ್ತಿದರೂ ವಿಂಡೋಸ್ ಪೂರ್ತಿ ನಿಲ್ಲುವುದಿಲ್ಲ. ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿಗೆ ಬರೆದು, ಮುಂದಿನ ಸಲ ಅಲ್ಲಿಂದ ಏಳುತ್ತದೆ. ಆ ಸ್ಥಿತಿಯಲ್ಲಿರುವ ಸಿ ಡ್ರೈವ್‌ಗೆ ಮಿಂಟ್ ಏನನ್ನೂ ಬರೆಯುವುದಿಲ್ಲ, ಓದಲಷ್ಟೇ ಬಿಡುತ್ತದೆ. "ಮಿಂಟ್‌ನಿಂದ ವಿಂಡೋಸ್ ಫೋಲ್ಡರ್‌ಗೆ ಫೈಲ್ ಸೇವ್ ಆಗ್ತಿಲ್ಲ" ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ. ಕಂಟ್ರೋಲ್ ಪ್ಯಾನೆಲ್ → ಪವರ್ ಆಪ್ಷನ್ಸ್ → 'ಚೂಸ್ ವಾಟ್ ದ ಪವರ್ ಬಟನ್ಸ್ ಡು' ತೆರೆಯಿರಿ. ಕೆಳಗಿನ ಆಯ್ಕೆಗಳು ಮಸುಕಾಗಿದ್ದರೆ ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಒತ್ತಿ, ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆದು ಸೇವ್ ಮಾಡಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಇದು ತಾನಾಗಿ ಮತ್ತೆ ಆನ್ ಆಗಿರುವುದುಂಟು, ಆಗಾಗ ನೋಡಿಕೊಳ್ಳಿ.

4. ಡಿಸ್ಕಿನಲ್ಲಿ ಜಾಗ ಬಿಡಿಸಿ

ಈ ಕೆಲಸವನ್ನು ಮಿಂಟ್‌ನ ಇನ್‌ಸ್ಟಾಲರ್ ಕೂಡ ಮಾಡಬಲ್ಲದು. ಆದರೆ ವಿಂಡೋಸ್‌ನ ಪಾರ್ಟಿಷನ್ ಕುಗ್ಗಿಸುವ ಕೆಲಸ ವಿಂಡೋಸ್‌ಗೇ ಬಿಡುವುದು ಕ್ಷೇಮ. (ಪಾರ್ಟಿಷನ್ ಎಂದರೆ ಒಂದೇ ಡಿಸ್ಕಿನಲ್ಲಿ ಗಡಿ ಹಾಕಿ ಮಾಡಿದ ಪಾಲು.)

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್, 'ಶ್ರಿಂಕ್ ವಾಲ್ಯೂಮ್'. ಎಷ್ಟು ಕುಗ್ಗಿಸಬೇಕೆಂದು ಎಂಬಿಯಲ್ಲಿ ಕೇಳುತ್ತದೆ: 50 ಜಿಬಿಗೆ 51200, 100 ಜಿಬಿಗೆ 102400. ಮಿಂಟ್ 20 ಜಿಬಿಯಲ್ಲೂ ಕೂರುತ್ತದೆ, ಆದರೆ ಕೆಲವೇ ತಿಂಗಳಲ್ಲಿ ಇಕ್ಕಟ್ಟಾಗುತ್ತದೆ. 50ಕ್ಕಿಂತ ಕಡಿಮೆ ಕೊಡಬೇಡಿ, ಸಾಧ್ಯವಿದ್ದರೆ 100 ಕೊಡಿ. ವಿಂಡೋಸ್‌ಗೂ 30 ಜಿಬಿಯಾದರೂ ಖಾಲಿ ಉಳಿಯಲಿ. ಮುಗಿದ ಮೇಲೆ ಸಿ ಡ್ರೈವ್‌ನ ಬಲಕ್ಕೆ ಕಪ್ಪು ಪಟ್ಟಿಯ 'ಅನ್‌ಅಲೊಕೇಟೆಡ್' ಜಾಗ ಕಾಣುತ್ತದೆ. ಅದನ್ನು ಹಾಗೇ ಬಿಡಿ. ಅಲ್ಲಿ ಹೊಸ ಡ್ರೈವ್ ಮಾಡುವುದು, ಫಾರ್ಮ್ಯಾಟ್ ಮಾಡುವುದು ಬೇಡ.

150 ಜಿಬಿ ಖಾಲಿ ಇದ್ದರೂ ಕುಗ್ಗಿಸಲು 10 ಜಿಬಿಯಷ್ಟೇ ತೋರಿಸಿದರೆ ಗಾಬರಿಯಾಗಬೇಡಿ. ಜಾಗದಿಂದ ಕದಲಿಸಲಾಗದ ಫೈಲುಗಳು, ಅಂದರೆ ಪೇಜ್ ಫೈಲ್, ಹೈಬರ್ನೇಶನ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳು ಡ್ರೈವ್‌ನ ನಡುವೆ ಕೂತಿವೆ ಎಂದರ್ಥ. ಪೇಜ್ ಫೈಲ್ ಮತ್ತು ಸಿಸ್ಟಮ್ ಪ್ರೊಟೆಕ್ಷನ್ ಎರಡನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಕುಗ್ಗಿಸಿ ನೋಡಿ. ಕೆಲಸ ಆದಮೇಲೆ ಎರಡನ್ನೂ ಮರೆಯದೆ ಆನ್ ಮಾಡಿ.

5. ಐಎಸ್‌ಒ ಇಳಿಸಿ, ಪೆನ್ ಡ್ರೈವ್ ತಯಾರಿಸಿ

ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದಲೇ ಐಎಸ್‌ಒ ಫೈಲ್ ಇಳಿಸಿಕೊಳ್ಳಿ. ಇಡೀ ಇನ್‌ಸ್ಟಾಲರನ್ನು ಒಂದೇ ಫೈಲಾಗಿ ಕಟ್ಟಿಟ್ಟಿರುವುದು ಇದು. ಗಾತ್ರ ಹೆಚ್ಚುಕಡಿಮೆ 3 ಜಿಬಿ. ಮೂರು ಬಗೆ ಸಿಗುತ್ತವೆ. ಸಿನಮನ್ ನೋಡಲು ವಿಂಡೋಸ್‌ಗೆ ಹತ್ತಿರ, ಹೆಚ್ಚಿನವರಿಗೆ ಅದೇ ಸಾಕು. 4 ಜಿಬಿ ಅಥವಾ ಅದಕ್ಕಿಂತ ಕಡಿಮೆ ರ್‍ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ತೆಗೆದುಕೊಳ್ಳಿ. ಮಾಟೆ ಇವೆರಡರ ನಡುವಿನದು. 22ರ ಸರಣಿಯ ಮಿಂಟ್‌ಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ.

ಹಿಂದೆಂದೋ ಇಳಿಸಿಟ್ಟ ಹಳೆಯ ಐಎಸ್‌ಒ ಬಳಸಬೇಡಿ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಒಂದು ಹಳೆಯ ಲಿನಕ್ಸ್ ಬೂಟ್‌ಲೋಡರ್‌ಗಳಿಗೆ (ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಚಿಕ್ಕ ಪ್ರೋಗ್ರಾಂ) ತಡೆ ಹಾಕಿತು. ಅಂಥ ಪೆನ್ ಡ್ರೈವ್‌ನಿಂದ ಬೂಟ್ ಮಾಡಿದರೆ 'ಎಸ್‌ಬಿಎಟಿ ಸೆಲ್ಫ್ ಚೆಕ್ ಫೇಲ್ಡ್' ಎಂದು ತೋರಿಸಿ ಯಂತ್ರ ಆಫ್ ಆಗುತ್ತದೆ. ಹೊಸ ಐಎಸ್‌ಒ ಹಾಕಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇಳಿಸಿದ ಫೈಲ್ ಕೆಟ್ಟಿಲ್ಲವೆಂದು ಪರೀಕ್ಷಿಸಬೇಕು. ಸೆವೆನ್‌ಜಿಪ್ ಎಂಬ ಪ್ರೋಗ್ರಾಂ ಇದ್ದರೆ ಐಎಸ್‌ಒ ಮೇಲೆ ರೈಟ್ ಕ್ಲಿಕ್ ಮಾಡಿ ಎಸ್‌ಎಚ್‌ಎ-256 ಆರಿಸಿ. 64 ಅಕ್ಷರಗಳ ಒಂದು ಉದ್ದ ಸಾಲು ಬರುತ್ತದೆ. ಮಿಂಟ್ ತಾಣದಲ್ಲಿ ಅದೇ ಫೈಲಿಗೆ ಕೊಟ್ಟಿರುವ ಸಾಲಿನ ಜತೆ ಹೋಲಿಸಿ. ಕಣ್ಣಲ್ಲಿ ಹೋಲಿಸುವ ಕಷ್ಟ ಬೇಡ: ಒಂದನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ, ಇನ್ನೊಂದನ್ನು ಅಲ್ಲಿ 'ಫೈಂಡ್' ಮಾಡಿ. ಸಿಗದಿದ್ದರೆ ಫೈಲನ್ನು ಮತ್ತೆ ಇಳಿಸಿ.

ಐಎಸ್‌ಒವನ್ನು ಪೆನ್ ಡ್ರೈವ್‌ಗೆ ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ರೂಫಸ್ ಎಂಬ ಚಿಕ್ಕ ಪ್ರೋಗ್ರಾಂ ಬಳಸಿ. ಮೇಲಿನ ಪಟ್ಟಿಯಲ್ಲಿ ನಿಮ್ಮ ಪೆನ್ ಡ್ರೈವೇ ಇದೆಯೇ ಎಂದು ಅದರ ಗಾತ್ರ ನೋಡಿ ಖಾತ್ರಿ ಮಾಡಿಕೊಳ್ಳಿ. ಬ್ಯಾಕಪ್ ಡಿಸ್ಕನ್ನು ಈ ಹೊತ್ತಿಗೆ ಬಿಚ್ಚಿ ಬದಿಗಿಟ್ಟಿರಬೇಕು. ಐಎಸ್‌ಒ ಆರಿಸಿ, ಉಳಿದ ಆಯ್ಕೆಗಳನ್ನು ಹಾಗೇ ಬಿಟ್ಟು 'ಸ್ಟಾರ್ಟ್' ಒತ್ತಿ. ಯಾವ ರೀತಿ ಬರೆಯಲಿ ಎಂದು ಕೇಳಿದರೆ 'ಐಎಸ್‌ಒ ಇಮೇಜ್ ಮೋಡ್' ಆರಿಸಿ. ಹಾಗೆ ತಯಾರಿಸಿದ್ದು ಬೂಟ್ ಆಗದಿದ್ದರೆ ಮಾತ್ರ ಎರಡನೇ ಸಲ 'ಡಿಡಿ ಮೋಡ್'. ಡಿಡಿ ಮೋಡ್ ನಂತರ ವಿಂಡೋಸ್ "ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು" ಎಂದು ಕೇಳಬಹುದು, 'ಕ್ಯಾನ್ಸಲ್' ಒತ್ತಿ.

6. ಪೆನ್ ಡ್ರೈವ್‌ನಿಂದ ಬೂಟ್ ಮಾಡಿ

ಪೆನ್ ಡ್ರೈವ್ ಸಿಕ್ಕಿಸಿ ರೀಸ್ಟಾರ್ಟ್ ಮಾಡಿ. ಪರದೆ ಕಪ್ಪಾದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಟಕಟಕ ಒತ್ತುತ್ತಿರಿ. ಡೆಲ್, ಲೆನೊವೊ, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9, ಏಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್, ಅದರ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಎಫ್8, ಎಂಎಸ್‌ಐಯಲ್ಲಿ ಎಫ್11. ಏಸರ್‌ನ ಕೆಲವು ಮಾದರಿಗಳಲ್ಲಿ ಎಫ್12 ಕೆಲಸ ಮಾಡಬೇಕಾದರೆ ಮೊದಲು ಎಫ್2 ಒತ್ತಿ ಬಯೋಸ್‌ಗೆ ಹೋಗಿ ಅದನ್ನು ಆನ್ ಮಾಡಬೇಕು. ಯಾವುದೂ ಹೊಂದದಿದ್ದರೆ, ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿ ಹಿಡಿದುಕೊಂಡು 'ರೀಸ್ಟಾರ್ಟ್' ಒತ್ತಿ. ಬರುವ ನೀಲಿ ಪರದೆಯಲ್ಲಿ 'ಯೂಸ್ ಎ ಡಿವೈಸ್' ಆರಿಸಿ.

ಬೂಟ್ ಮೆನುವಿನಲ್ಲಿ ಒಂದೇ ಪೆನ್ ಡ್ರೈವ್ ಎರಡು ಸಲ ಕಾಣಬಹುದು, ಒಂದರ ಹಿಂದೆ 'ಯುಇಎಫ್ಐ' ಎಂದಿರುತ್ತದೆ. ಹಾಳೆಯ ಮೇಲೆ ಬರೆದುಕೊಂಡದ್ದು ಯುಇಎಫ್ಐ ಆಗಿದ್ದರೆ ಅದನ್ನೇ ಆರಿಸಿ, ಲೆಗಸಿ ಆಗಿದ್ದರೆ ಇನ್ನೊಂದನ್ನು. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ್ದನ್ನು ಬೂಟ್ ಆಗಲು ಬಿಡದ ವ್ಯವಸ್ಥೆ) ಆಫ್ ಮಾಡಬೇಕಾಗಿಲ್ಲ, ಮಿಂಟ್ ಅದರ ಜತೆಯಲ್ಲೇ ನಡೆಯುತ್ತದೆ.

7. ಇನ್‌ಸ್ಟಾಲ್ ಮಾಡುವ ಮುಂಚೆ ಓಡಿಸಿ ನೋಡಿ

ಪೆನ್ ಡ್ರೈವ್‌ನಿಂದಲೇ ಮಿಂಟ್‌ನ ಪೂರ್ತಿ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಡಿಸ್ಕಿಗೆ ಇನ್ನೂ ಏನೂ ಆಗಿಲ್ಲ. ವೈಫೈ ಸಿಗುತ್ತಿದೆಯೇ, ಸೌಂಡ್ ಬರುತ್ತಿದೆಯೇ, ಟಚ್‌ಪ್ಯಾಡ್, ವೆಬ್‌ಕ್ಯಾಮ್, ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ, ಪ್ರಿಂಟರ್ ಎಲ್ಲ ನೋಡಿ. ಪೆನ್ ಡ್ರೈವ್ ನಿಧಾನ, ಹಾಗಾಗಿ ಇಲ್ಲಿಯ ವೇಗ ನೋಡಿ ತೀರ್ಮಾನ ಮಾಡಬೇಡಿ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್ನೆಟ್ ಬಂದ ಮೇಲೆ ಡ್ರೈವರ್ ಇಳಿಸಿಕೊಳ್ಳಬಹುದು. ಡೆಸ್ಕ್‌ಟಾಪ್ ಬರುವ ಬದಲು ಪರದೆ ಕಪ್ಪಾಗಿ ನಿಂತರೆ, ಅದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನ ತಕರಾರು: ಮತ್ತೆ ಬೂಟ್ ಮಾಡಿ ಮೊದಲ ಮೆನುವಿನಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿ.

8. ಇನ್‌ಸ್ಟಾಲ್

ಡೆಸ್ಕ್‌ಟಾಪ್ ಮೇಲಿನ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ತೆರೆಯಿರಿ. ಕೀಬೋರ್ಡ್ ಕೇಳಿದಾಗ ಇಂಗ್ಲಿಷ್ ಯುಎಸ್ ಇರಲಿ. ಇಲ್ಲಿಯೇ ಕನ್ನಡ ಕೀಬೋರ್ಡ್ ಆರಿಸಿದರೆ ಮುಂದೆ ಯೂಸರ್ ನೇಮ್ ಮತ್ತು ಪಾಸ್‌ವರ್ಡ್ ಟೈಪ್ ಮಾಡುವಾಗ ಪೇಚಿಗೆ ಸಿಕ್ಕುತ್ತೀರಿ. ಕನ್ನಡವನ್ನು ಆಮೇಲೆ ಸೇರಿಸೋಣ. 'ಮಲ್ಟಿಮೀಡಿಯಾ ಕೋಡೆಕ್ಸ್' ಟಿಕ್ ಮಾಡಿ, ವಿಡಿಯೋ-ಹಾಡುಗಳಿಗೆ ಬೇಕಾಗುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಇದರ ಜತೆ ಒಂದು ಪಾಸ್‌ವರ್ಡ್ ಕೇಳುತ್ತದೆ. ಅದು ಒಂದೇ ಸಲದ ಉಪಯೋಗಕ್ಕೆ, ಹಾಳೆಯ ಮೇಲೆ ಬರೆದಿಡಿ.

ಈಗ ಬರುವ 'ಇನ್‌ಸ್ಟಲೇಶನ್ ಟೈಪ್' ಪುಟದಲ್ಲಿ ನಿಧಾನಿಸಿ. ಡೇಟಾ ಕಳೆದುಕೊಂಡವರಲ್ಲಿ ಹೆಚ್ಚಿನವರು ಕಳೆದುಕೊಂಡದ್ದು ಇಲ್ಲಿಯೇ. 'ಇರೇಸ್ ಡಿಸ್ಕ್' ಎಂದರೆ ಸಿ ಡ್ರೈವ್ ಮಾತ್ರವಲ್ಲ, ಡಿ, ಇ ಸೇರಿ ಇಡೀ ಡಿಸ್ಕ್ ಖಾಲಿಯಾಗುತ್ತದೆ. ಅದನ್ನು ಮುಟ್ಟಬೇಡಿ. ವಿಂಡೋಸ್ ಇರುವುದನ್ನು ಇನ್‌ಸ್ಟಾಲರ್ ಗುರುತಿಸಿದ್ದರೆ 'ವಿಂಡೋಸ್ ಬೂಟ್ ಮ್ಯಾನೇಜರ್ ಜತೆಯಲ್ಲಿ' ಎಂಬ ಅರ್ಥದ ಆಯ್ಕೆ ಕಾಣಿಸುತ್ತದೆ. ಕಾಣದಿದ್ದರೆ ಮುಂದುವರಿಯದೆ ಹೊರಬನ್ನಿ. 3ನೇ ಹಂತ ಬಾಕಿ ಉಳಿದಿದೆ, ಇಲ್ಲವೇ ಬೂಟ್ ಪದ್ಧತಿ ಅದಲುಬದಲಾಗಿದೆ.

ಕಂಡರೂ ನನ್ನ ಸಲಹೆ 'ಸಮ್‌ಥಿಂಗ್ ಎಲ್ಸ್'. ಏನು ಎಲ್ಲಿಗೆ ಹೋಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಅಲ್ಲಿಯ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಎಸ್‌ಡಿಎ ಎಂದೋ ಎನ್‌ವಿಎಂಇ ಎಂದು ಶುರುವಾಗಿಯೋ ಇರುತ್ತದೆ. ಯುಇಎಫ್ಐ ಯಂತ್ರದಲ್ಲಿ ಸಾಮಾನ್ಯವಾಗಿ 100 ಎಂಬಿ ಆಸುಪಾಸಿನ ಇಎಫ್ಐ ಪಾರ್ಟಿಷನ್, 16 ಎಂಬಿಯ ಚಿಕ್ಕದೊಂದು, ಎನ್‌ಟಿಎಫ್‌ಎಸ್ ಎಂದು ಬರೆದ ದೊಡ್ಡದು (ಇದೇ ನಿಮ್ಮ ಸಿ), ಕೊನೆಯಲ್ಲಿ ರಿಕವರಿ ಪಾಲು ಕಾಣುತ್ತವೆ. ಇವುಗಳ ನಡುವೆ ನೀವು ಬಿಡಿಸಿದಷ್ಟೇ ಗಾತ್ರದ 'ಫ್ರೀ ಸ್ಪೇಸ್' ಸಾಲು ಇರುತ್ತದೆ. ಅದನ್ನು ಆರಿಸಿ ಕೆಳಗಿನ '+' ಒತ್ತಿ. ಗಾತ್ರ ಇದ್ದಷ್ಟೂ ಇರಲಿ, 'ಯೂಸ್ ಆ್ಯಸ್' ಎಂಬಲ್ಲಿ ಇಎಕ್ಸ್‌ಟಿ4, 'ಮೌಂಟ್ ಪಾಯಿಂಟ್' ಎಂಬಲ್ಲಿ ಬರೀ ಒಂದು ಓರೆಗೆರೆ '/'. ಸ್ವಾಪ್‌ಗೆಂದು (ರ್‍ಯಾಮ್ ಸಾಲದಾದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಬೇರೆ ಪಾರ್ಟಿಷನ್ ಮಾಡಬೇಕಿಲ್ಲ, ಮಿಂಟ್ ಅದನ್ನು ಫೈಲಾಗಿ ಮಾಡಿಕೊಳ್ಳುತ್ತದೆ. ಇಎಫ್ಐ ಪಾರ್ಟಿಷನ್ ಮುಟ್ಟಬೇಡಿ, ಅದರ ಎದುರು 'ಫಾರ್ಮ್ಯಾಟ್' ಟಿಕ್ ಬೀಳಬಾರದು. ಬಿದ್ದರೆ ವಿಂಡೋಸ್‌ನ ಬೂಟ್ ಫೈಲುಗಳೂ ಹೋಗುತ್ತವೆ.

ಲೆಗಸಿ ಯಂತ್ರದವರಿಗೆ ಎರಡು ಮಾತು. ಡಿಸ್ಕನ್ನು ಪಾಲು ಮಾಡುವ ಹಳೆಯ ಎಂಬಿಆರ್ ಪದ್ಧತಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಮಾಡಲಾಗದು. ಆಗಲೇ ನಾಲ್ಕಿದ್ದರೆ ಖಾಲಿ ಜಾಗ 'ಅನ್‌ಯೂಸಬಲ್' ಎಂದು ತೋರುತ್ತದೆ. ಡಿ ಡ್ರೈವ್‌ನಂಥ ಒಂದನ್ನು ಬ್ಯಾಕಪ್ ಮಾಡಿ ತೆಗೆಯದೆ ದಾರಿಯಿಲ್ಲ. ಬೂಟ್‌ಲೋಡರ್ ಎಲ್ಲಿ ಹಾಕಲಿ ಎಂಬುದಕ್ಕೆ ಇಡೀ ಡಿಸ್ಕನ್ನು, ಅಂದರೆ ಕೊನೆಯಲ್ಲಿ ಅಂಕಿ ಇಲ್ಲದ ಎಸ್‌ಡಿಎಯನ್ನು ಆರಿಸಿ.

ಪಟ್ಟಿಯಲ್ಲಿ ಡಿಸ್ಕೇ ಕಾಣುತ್ತಿಲ್ಲವೇ? ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಆರ್‌ಎಸ್‌ಟಿ ಅಥವಾ ರೇಡ್ ಮೋಡ್‌ನಲ್ಲಿರುತ್ತದೆ. ಬಯೋಸ್‌ನಲ್ಲಿ ಅದನ್ನು ಎಎಚ್‌ಸಿಐಗೆ ಬದಲಾಯಿಸಬೇಕು. ನೇರವಾಗಿ ಬದಲಾಯಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಕೂರುತ್ತದೆ. ಕ್ರಮ ಹೀಗಿರಲಿ: ವಿಂಡೋಸ್‌ನ 'ಸಿಸ್ಟಮ್ ಕಾನ್ಫಿಗರೇಶನ್'ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ ರೀಸ್ಟಾರ್ಟ್ ಮಾಡಿ, ನೇರ ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ, ವಿಂಡೋಸ್ ಒಂದು ಸಲ ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಟಿಕ್ ತೆಗೆಯಿರಿ.

'ಇನ್‌ಸ್ಟಾಲ್ ನೌ' ಒತ್ತಿದಾಗ ಯಾವ ಪಾರ್ಟಿಷನ್‌ಗಳು ಫಾರ್ಮ್ಯಾಟ್ ಆಗಲಿವೆ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಈಗಷ್ಟೇ ಮಾಡಿದ ಇಎಕ್ಸ್‌ಟಿ4 ಒಂದೇ ಇರಬೇಕು. ಬೇರೆ ಏನಿದ್ದರೂ 'ಗೋ ಬ್ಯಾಕ್'. ಸರಿಯಿದ್ದರೆ ಮುಂದುವರಿಸಿ, ಸಮಯವಲಯ, ಹೆಸರು, ಪಾಸ್‌ವರ್ಡ್ ಕೊಟ್ಟು ಕಾಯಿರಿ.

9. ಮೊದಲ ರೀಸ್ಟಾರ್ಟ್

ಪೆನ್ ಡ್ರೈವ್ ತೆಗೆಯಿರಿ ಎಂದಾಗ ತೆಗೆದು ಎಂಟರ್ ಒತ್ತಿ. ಪಾಸ್‌ವರ್ಡ್ ಬರೆದಿಟ್ಟುಕೊಂಡವರಿಗೆ ನೀಲಿ ಹಿನ್ನೆಲೆಯ 'ಎಂಒಕೆ ಮ್ಯಾನೇಜ್‌ಮೆಂಟ್' ಪರದೆ ಬರುತ್ತದೆ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀಲಿ ಒತ್ತದಿದ್ದರೆ ಅದು ತಾನೇ ಮುಂದೆ ಹೋಗಿಬಿಡುತ್ತದೆ, ಆಮೇಲೆ ಎನ್‌ವಿಡಿಯಾದಂಥ ಡ್ರೈವರ್‌ಗಳು ಕೆಲಸ ಮಾಡುವುದಿಲ್ಲ. 'ಎನ್‌ರೋಲ್ ಎಂಒಕೆ', 'ಕಂಟಿನ್ಯೂ', 'ಯೆಸ್', ಆಮೇಲೆ ಆ ಪಾಸ್‌ವರ್ಡ್.

ನಂತರ ಗ್ರಬ್ ಎಂಬ ಮೆನು ಬರಬೇಕು: ಮೇಲೆ ಲಿನಕ್ಸ್ ಮಿಂಟ್, ಕೆಳಗೆ ವಿಂಡೋಸ್ ಬೂಟ್ ಮ್ಯಾನೇಜರ್. ಎರಡಕ್ಕೂ ಒಂದೊಂದು ಸಲ ಹೋಗಿ ಬನ್ನಿ. ಮೆನು ಬಾರದೆ ನೇರ ವಿಂಡೋಸ್ ಎದ್ದರೆ, ಬಯೋಸ್‌ನ ಬೂಟ್ ಕ್ರಮದಲ್ಲಿ 'ಉಬುಂಟು' ಎಂಬುದನ್ನು ಮೊದಲಿಗೆ ತನ್ನಿ. ಮಿಂಟ್ ಉಬುಂಟುವಿನ ಮೇಲೆ ಕಟ್ಟಿದ್ದು, ಬಯೋಸ್‌ನಲ್ಲಿ ಆ ಹೆಸರಿನಲ್ಲೇ ಕಾಣುತ್ತದೆ. 'ಮಿಂಟ್' ಹುಡುಕಿದರೆ ಸಿಗುವುದಿಲ್ಲ. ವಿಂಡೋಸ್ ಅಪ್‌ಡೇಟ್ ಆದಮೇಲೆ ಮೆನು ಮಾಯವಾದರೂ ಇದೇ ಮದ್ದು.

10. ಮೊದಲ ದಿನದ ಕೆಲಸಗಳು

ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಅಪ್‌ಡೇಟ್ ಹಾಕಿ, ಆಮೇಲೆ ಡ್ರೈವರ್ ಮ್ಯಾನೇಜರ್. ಎನ್‌ವಿಡಿಯಾ ಕಾರ್ಡ್ ಇದ್ದರೆ 'ರೆಕಮೆಂಡೆಡ್' ಎಂದು ಬರೆದಿರುವ ಡ್ರೈವರ್ ಆರಿಸಿ. ಟೈಮ್‌ಶಿಫ್ಟ್ ತೆರೆದು ದಿನಕ್ಕೊಂದು, ವಾರಕ್ಕೊಂದು ಸ್ನಾಪ್‌ಶಾಟ್ ಇಡುವಂತೆ ಹೊಂದಿಸಿ; ಅಪ್‌ಡೇಟ್ ಏನಾದರೂ ಕೆಡಿಸಿದರೆ ಹಿಂದಿನ ಸ್ಥಿತಿಗೆ ಮರಳಬಹುದು. ಆದರೆ ಅದು ಸಿಸ್ಟಮ್ ಫೈಲುಗಳನ್ನಷ್ಟೇ ಕಾಯುತ್ತದೆ. ನಿಮ್ಮ ಫೋಟೋ, ಕಡತಗಳು ಅದರಲ್ಲಿ ಇರುವುದಿಲ್ಲ.

ಕನ್ನಡಕ್ಕೆ ಕೀಬೋರ್ಡ್ ಸೆಟ್ಟಿಂಗ್ಸ್‌ನ 'ಲೇಔಟ್ಸ್' ಪುಟದಲ್ಲಿ ಕನ್ನಡ ಸೇರಿಸಿ. ಬರೀ 'ಕನ್ನಡ' ಎಂದಿರುವುದು ಇನ್‌ಸ್ಕ್ರಿಪ್ಟ್ ಎಂಬ ಕೀಲಿ ವಿನ್ಯಾಸ. ನುಡಿಯ ಕೀಲಿಮಣೆ ರೂಢಿಯಾದವರಿಗೆ 'ಕಗಪ ಫೊನೆಟಿಕ್' ಎಂಬುದು ಕೈಗೆ ಹತ್ತಿರ.

ಎರಡರ ನಡುವೆ ಓಡಾಡುವಾಗ ವಿಂಡೋಸ್‌ನ ಗಡಿಯಾರ ಗಂಟೆಗಟ್ಟಲೆ ತಪ್ಪು ತೋರಿಸುತ್ತದೆ. ಬ್ಯಾಟರಿ ಕೆಟ್ಟಿಲ್ಲ. ಬೋರ್ಡಿನ ಗಡಿಯಾರದಲ್ಲಿ ಮಿಂಟ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ) ಸಮಯ ಇಡುತ್ತದೆ, ವಿಂಡೋಸ್ ಅದನ್ನು ಸ್ಥಳೀಯ ಸಮಯವೆಂದು ಓದುತ್ತದೆ. ಮಿಂಟ್‌ನ ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) timedatectl set-local-rtc 1 ಎಂಬ ಆದೇಶವನ್ನು ಒಂದು ಸಲ ಕೊಟ್ಟರೆ ಜಗಳ ಮುಗಿಯುತ್ತದೆ.

ಮಿಂಟ್ ಬೇಡವೆನಿಸಿದರೆ

ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಲಿನಕ್ಸ್ ಪಾರ್ಟಿಷನ್ ಅಳಿಸಿಬಿಡುವ ಆತುರ ಬೇಡ. ಹಾಗೆ ಮಾಡಿದರೆ ಮುಂದಿನ ಸಲ ಕಪ್ಪು ಪರದೆಯ ಮೇಲೆ 'ಗ್ರಬ್' ಎಂಬ ಒಂದೇ ಪದ ಕಾಣಬಹುದು. ಯುಇಎಫ್ಐ ಯಂತ್ರದಲ್ಲಿ ಮೊದಲು ಬಯೋಸ್‌ನ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲೆ ತಂದು, ವಿಂಡೋಸ್ ತಾನಾಗಿ ಏಳುವುದನ್ನು ನೋಡಿ, ಆಮೇಲೆ ಪಾರ್ಟಿಷನ್ ಅಳಿಸಿ. (ಲೆಗಸಿಯಲ್ಲಿ ವಿಂಡೋಸ್‌ನ ರಿಪೇರಿ ಡಿಸ್ಕಿನಿಂದ ಅದರ ಬೂಟ್ ರೆಕಾರ್ಡ್ ಮತ್ತೆ ಬರೆಸಬೇಕು.) ಬಿಡುಗಡೆಯಾದ ಜಾಗ ಸಿ ಡ್ರೈವ್‌ಗೆ ಅಂಟಿಕೊಂಡೇ ಇರುವುದರಿಂದ 'ಎಕ್ಸ್‌ಟೆಂಡ್ ವಾಲ್ಯೂಮ್' ಒತ್ತಿದರೆ ಮತ್ತೆ ಅದಕ್ಕೇ ಸೇರುತ್ತದೆ.